ಕೆರೆ-ದಡದಿಂದ ಖೋ ಖೋವರೆಗೆ: ಕಿರಿಯ ಪ್ರಾಥಮಿಕ ಹಂತದಲ್ಲಿ ಮೂಲ ಚಲನಕೌಶಲಗಳ ಬೋಧನೆ

ಸಾರಾಂಶ

ಓಟ, ಜಿಗಿತ, ಎಸೆತಗಳು ಬೆಳೆಯುವ ಮಗುವಿಗೆ ತಾವಾಗಿಯೇ ಒದಗುತ್ತವೆ ಎಂಬ ನಂಬಿಕೆಯನ್ನು ಈ ಲೇಖನ ಪ್ರಶ್ನಿಸುತ್ತದೆ. ದೇಸಿ ಆಟಗಳಲ್ಲಿ ಈ ಕೌಶಲಗಳೆಲ್ಲ ಇವೆ. ಆದರೆ ಆಟದ ನಿಯಮ ಇರುವುದು ಗೆದ್ದವರನ್ನು ಗುರುತಿಸಲು; ಕಲಿಯಬೇಕಾದವರ ಚಿಂತೆ ಅದಕ್ಕಿಲ್ಲ. ನಿಯಮವನ್ನು ತಿದ್ದಿ ಆಡಿಸುವುದೇ ಶಿಕ್ಷಕರ ಕೆಲಸ ಎಂಬುದು ಇಲ್ಲಿನ ವಾದ.

1. ಪರಿಕಲ್ಪನೆಯ ಚೌಕಟ್ಟು

ಮೂಲ ಚಲನಕೌಶಲಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ರೂಢಿ. ಓಡುವುದು, ಕುಂಟುವುದು, ಜಿಗಿಯುವುದು ಸ್ಥಳಾಂತರ ಚಲನೆಗಳು. ಎಸೆಯುವುದು, ಹಿಡಿಯುವುದು, ಒದೆಯುವುದು ವಸ್ತುನಿಯಂತ್ರಣ ಚಲನೆಗಳು. ಬಾಗುವುದು, ಹೊರಳುವುದು, ಒಂಟಿಗಾಲಲ್ಲಿ ನಿಲ್ಲುವುದು ಸಮತೋಲನ ಚಲನೆಗಳು. ಡೇವಿಡ್ ಗ್ಯಾಲಹ್ಯೂ ಅವರ ಮಾದರಿಯ ಪ್ರಕಾರ ಇವು ರೂಪುಗೊಳ್ಳುವ ಕಾಲ ಸುಮಾರು 2ರಿಂದ 7 ವರ್ಷ. ಈ ಕೌಶಲಗಳಲ್ಲಿ ಒಂದು ಮಟ್ಟ ಮುಟ್ಟದ ಮಗುವಿಗೆ ಮುಂದಿನ ಕ್ರೀಡಾಕಲಿಕೆಯಲ್ಲಿ ತಡೆ ಎದುರಾಗುತ್ತದೆ ಎಂಬ ಊಹೆಯನ್ನು ವರ್ನ್ ಸೀಫೆಲ್ಟ್ 1980ರಲ್ಲಿ ಮಂಡಿಸಿದರು. 1985ರಲ್ಲಿ ಡೇಲ್ ಉಲ್ರಿಚ್ ಪ್ರಕಟಿಸಿದ ಸ್ಥೂಲ ಚಲನವಿಕಾಸ ಪರೀಕ್ಷೆ ಅಳತೆಯ ಪ್ರಶ್ನೆಯನ್ನೇ ಬದಲಿಸಿತು. ಚೆಂಡು ಎಷ್ಟು ದೂರ ಹೋಯಿತು ಎಂಬುದು ಅಲ್ಲಿ ಮುಖ್ಯವಲ್ಲ. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬಂತೇ, ನಡು ತಿರುಗಿತೇ ಎಂಬುದು ಮುಖ್ಯ.

2. ಭಂಗಿ: ಕವಾಯತಿನಲ್ಲಿ ಮತ್ತು ಆಟದಲ್ಲಿ

ನಮ್ಮ ಶಾಲೆಗಳಲ್ಲಿ ದೇಹಭಂಗಿಯ ಪಾಠ ಬಹುಮಟ್ಟಿಗೆ 'ಸಾವಧಾನ್', 'ವಿಶ್ರಾಮ್'ಗಳಲ್ಲಿ ಮುಗಿಯುತ್ತದೆ. ಸಾಲಿನ ಶಿಸ್ತಿಗೆ ಅದು ಸಾಕು. ಆದರೆ ಚಲನೆಯ ದೃಷ್ಟಿಯಲ್ಲಿ ಭಂಗಿಗೆ ಬೇರೆ ಕೆಲಸವಿದೆ: ಒಂದು ಚಲನೆ ಅಲ್ಲಿಂದ ಹೊರಡಬೇಕು, ಅಲ್ಲಿಗೇ ಬಂದು ನಿಲ್ಲಬೇಕು.

ಖೋ ಖೋ ಇದಕ್ಕೆ ತಕ್ಕ ಉದಾಹರಣೆ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರಂತೆ ಎದುರು ದಿಕ್ಕಿಗೆ ಮುಖಮಾಡಿ ಕೂರುತ್ತಾರೆ. 'ಖೋ' ಬಿದ್ದ ಕ್ಷಣದಲ್ಲಿ ಏಳಬೇಕಾದ್ದರಿಂದ ಪೂರ್ತಿ ಕುಕ್ಕರಗಾಲಲ್ಲಿ ಕುಳಿತವರು ಹಿಂದೆ ಬೀಳುತ್ತಾರೆ. ಒಂದು ಪಾದ ಮುಂದೆ, ಒಂದು ಹಿಂದೆ, ಭಾರ ಅಂಗಾಲಿನ ಮುಂಭಾಗಕ್ಕೆ ಬಂದಾಗ ಏಳುವುದೂ ಓಡುವುದೂ ಒಂದೇ ಚಲನೆಯಾಗುತ್ತದೆ. ಎರಡೂ ರೀತಿಯಲ್ಲಿ ಕೂರಿಸಿ ಎಬ್ಬಿಸಿದರೆ ವ್ಯತ್ಯಾಸವನ್ನು ಮಕ್ಕಳೇ ಹೇಳುತ್ತಾರೆ.

3. ನಿಯಮದ ತಿದ್ದುಪಡಿ

ಕಾರ್ಲ್ ನ್ಯೂವೆಲ್ 1986ರಲ್ಲಿ ವಿವರಿಸಿದಂತೆ ಮಗುವಿನ ದೇಹ, ಪರಿಸರ ಮತ್ತು ಕೆಲಸದ ಸ್ವರೂಪ ಈ ಮೂರರ ಕಟ್ಟುಪಾಡುಗಳು ಕೂಡಿ ಚಲನೆ ರೂಪುಗೊಳ್ಳುತ್ತದೆ. ಇವುಗಳಲ್ಲಿ ಶಿಕ್ಷಕರ ಕೈಗೆ ಸುಲಭವಾಗಿ ಸಿಗುವುದು ಮೂರನೆಯದು.

'ಕೆರೆ', 'ದಡ' ಎಂಬ ಕೂಗಿಗೆ ತಕ್ಕಂತೆ ಜಿಗಿಯುವ ಕೆರೆ-ದಡ ಆಟದಲ್ಲಿ ತಪ್ಪಿದವರು ಔಟ್. ಪರಿಣಾಮವಾಗಿ, ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಹೊರಗೆ ಕೂರುತ್ತದೆ. ಔಟ್ ಮಾಡುವುದನ್ನು ಕೈಬಿಟ್ಟು, 'ಸದ್ದಾಗದಂತೆ ನೆಲ ಮುಟ್ಟು' ಎಂಬ ಒಂದೇ ನಿಯಮ ಸೇರಿಸಬಹುದು. ಸದ್ದು ತಗ್ಗಿಸಲು ಮಂಡಿ ಬಾಗಲೇಬೇಕು. ಹಾಗೆ ಬಾಗಿದ ಮಂಡಿ ಇಳಿತದ ಹೊಡೆತವನ್ನೂ ತಗ್ಗಿಸುತ್ತದೆ. ಇಳಿಯಲು ಬಂದ ಮೇಲೆ ಎತ್ತರ, ದೂರ ಹೆಚ್ಚಿಸಬಹುದು.

ಲಗೋರಿಯ ತೊಡಕು ಇನ್ನೂ ಸೂಕ್ಷ್ಮ. ಹತ್ತಿರದಿಂದ ಕಲ್ಲಿಗೆ ಗುರಿಯಿಡುವ ಮಗು ಮೊಣಕೈಯಿಂದಷ್ಟೇ ಎಸೆಯುತ್ತದೆ. ಕಾಲು, ನಡು ಸುಮ್ಮನಿರುತ್ತವೆ. ಹಾಗಾಗಿ ಮೊದಲು ಗೋಡೆಗೆ ದೂರದಿಂದ ಜೋರಾಗಿ ಎಸೆಯಲು ಹೇಳಬೇಕು. ಬಲ ಬೇಕಾದಾಗ ಎದುರುಗಾಲು ಮುಂದೆ ಬರುವ, ನಡು ತಿರುಗುವ ಸಾಧ್ಯತೆ ಹೆಚ್ಚುತ್ತದೆ. ಗುರಿಯ ಮಾತು ಆಮೇಲೆ. ಮೂವತ್ತು ಮಕ್ಕಳಿಗೆ ಒಂದೇ ರಾಶಿಯ ಬದಲು ಐದಾರು ರಾಶಿ ಹೂಡಿದರೆ ಪ್ರತಿ ಮಗುವಿಗೂ ಎಸೆಯುವ ಸರದಿ ಬೇಗಬೇಗ ಬರುತ್ತದೆ.

4. ವ್ಯವಸ್ಥೆಯ ಪ್ರಶ್ನೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ಹೇಳುವುದು 6ರಿಂದ 8ನೇ ತರಗತಿಗೆ, ಅದೂ ದಾಖಲಾತಿ ನೂರು ಮೀರಿದಲ್ಲಿ. ಮೂಲ ಕೌಶಲಗಳು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಹೊಣೆ ತರಗತಿ ಶಿಕ್ಷಕರದೇ ಆಗಿ ಉಳಿಯುತ್ತದೆ.

ಈ ಹೊಣೆ ನಿಭಾಯಿಸಲು ಕರ್ನಾಟಕದಲ್ಲಿ ನೆಲೆ ಸಿದ್ಧವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲೇರುವ ಕ್ರಮವನ್ನು ರೂಢಿಗೆ ತಂದಿದೆ. 'ಎರಡೂ ಕಾಲಲ್ಲಿ ಮೆಲ್ಲಗೆ ಇಳಿಯುತ್ತದೆ', 'ಎಡಗಾಲಲ್ಲೂ ಬಲಗಾಲಲ್ಲೂ ಕುಂಟಬಲ್ಲದು', 'ಎದುರುಗಾಲು ಮುಂದಿಟ್ಟು ಎಸೆಯುತ್ತದೆ' ಎಂಬಂಥ ಹಂತಗಳನ್ನು ಆ ಏಣಿಗೆ ಸೇರಿಸಬಹುದು. ಇವನ್ನು ಗುರುತಿಸಲು ಉಪಕರಣ ಬೇಡ. ಏನನ್ನು ನೋಡಬೇಕೆಂಬ ತರಬೇತಿಯನ್ನು ಶಿಕ್ಷಕರಿಗೆ ಕೊಡಬೇಕು. ಆಗ ಆಟದ ಅವಧಿಯ ಕೊನೆಯಲ್ಲಿ ಗೆದ್ದ ತಂಡದ ಹೆಸರಿನ ಜೊತೆಗೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದೂ ದಾಖಲಾಗುತ್ತದೆ.