ಹ್ಯಾಮ್ ರೇಡಿಯೋ: ಉದ್ದ ಅಲೆಗಳ ನೂರು ವರ್ಷ

ನಮ್ಮೂರಿನ ಹಿರಿಯರಿಗೆ ಗೊತ್ತಿರುವ ಎರಡು ಸಂಗತಿಗಳಿಂದಲೇ ಈ ಲೇಖನ ಶುರು ಮಾಡುತ್ತೇನೆ. ಹಗಲು ಹೊತ್ತು ರೇಡಿಯೋ ಹಾಕಿದರೆ ಭದ್ರಾವತಿ ಕೇಳುತ್ತಿತ್ತು. ಸ್ವಲ್ಪ ಕಷ್ಟಪಟ್ಟರೆ ಧಾರವಾಡ. ರಾತ್ರಿ ಊಟವಾದ ಮೇಲೆ ಅದೇ ಮುಳ್ಳನ್ನು ತಿರುಗಿಸಿದರೆ ತಮಿಳು, ತೆಲುಗು, ಹಿಂದಿ, ಇನ್ನೂ ಯಾವ್ಯಾವುದೋ ಭಾಷೆಯ ನಿಲಯಗಳು ಒಂದರ ಮೇಲೊಂದು ಬರುತ್ತಿದ್ದವು. ಇದು ಮೊದಲನೆಯದು. ಎರಡನೆಯದು, ಪಕ್ಕದ ತೋಟದಲ್ಲಿ ಮೋಟರಿನ ಸ್ವಿಚ್ ಹಾಕಿದರೆ ಅಥವಾ ದೂರದಲ್ಲೆಲ್ಲೋ ಮಿಂಚಿದರೆ ವಾರ್ತೆಯ ನಡುವೆ ಕರಕರ ಸದ್ದು. ರಾತ್ರಿಯ ದೂರ ಮತ್ತು ಕರಕರ ಸದ್ದು, ಕಡಿಮೆ ಆವೃತ್ತಿಯ ಅಲೆಗಳ ಮೇಲೆ ಕೆಲಸ ಮಾಡಿದ ರೇಡಿಯೋ ಹವ್ಯಾಸಿಗಳ ಚರಿತ್ರೆಯೆಲ್ಲ ಈ ಎರಡರ ಸುತ್ತಲೇ ಇದೆ.

ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹ್ಯಾಮ್ ರೇಡಿಯೋ ನನ್ನ ಹವ್ಯಾಸ. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಸ್ವಂತ ರೇಡಿಯೋ ಕೇಂದ್ರದಿಂದ ಲೋಕದ ಇತರ ಹವ್ಯಾಸಿಗಳೊಡನೆ ಮಾತಾಡುವವರಿಗೆ ಹ್ಯಾಮ್ ಎನ್ನುತ್ತಾರೆ. ಹಣಕ್ಕಾಗಿ ಮಾಡುವಂತಿಲ್ಲ, ಕಲಿಕೆ ಮತ್ತು ಸ್ನೇಹಕ್ಕಾಗಿ ಮಾತ್ರ.

ಕೆಲಸಕ್ಕೆ ಬಾರದ ಪಾಲು

ಹತ್ತನೇ ತರಗತಿಯಲ್ಲಿ ಓದಿದ ಲೆಕ್ಕವೊಂದನ್ನು ನೆನಪಿಸಿಕೊಳ್ಳೋಣ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಸಿಗುತ್ತದೆ. ಆವೃತ್ತಿ ಕಡಿಮೆಯಾದಷ್ಟೂ ಅಲೆ ಉದ್ದ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿಗೆ ಸಂಕೇತ ತಲುಪಿಸಿದೆನೆಂದು ಪ್ರಕಟಿಸಿದ ಮೇಲೆ ಎಲ್ಲರ ನಂಬಿಕೆ ಒಂದೇ ಆಯಿತು: ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ, ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು. ಕಂಪನಿಗಳು, ನೌಕಾಪಡೆಗಳು ನೂರಾರು, ಸಾವಿರಾರು ಮೀಟರ್ ಅಲೆಗಳಿಗೆ ದೊಡ್ಡ ದೊಡ್ಡ ಗೋಪುರ ಕಟ್ಟಿದವು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಶಾಲಾ ಹುಡುಗರು, ಅಂಗಡಿಯವರು, ಮೇಷ್ಟರುಗಳು ಮನೆಯಲ್ಲೇ ಕಿಡಿ ಹಾರಿಸುವ ಯಂತ್ರ ಕಟ್ಟಿ ಮಾರ್ಸ್ ಸಂಕೇತ ಕಳಿಸತೊಡಗಿದ್ದರು. ಇವರ ಗದ್ದಲ ಹಡಗುಗಳ ಸಂದೇಶಕ್ಕೆ ಅಡ್ಡ ಬರುತ್ತದೆಂಬ ದೂರು ಮೊದಲಿಂದಲೂ ಇತ್ತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಆಗಸ್ಟ್‌ನಲ್ಲಿ ಅಮೆರಿಕ ರೇಡಿಯೋ ಕಾಯ್ದೆ ತಂದಿತು. ಹವ್ಯಾಸಿಗಳು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಅಲೆಗಳಿಗೆ ಹೋಗಬೇಕು, ಒಂದು ಕಿಲೋವ್ಯಾಟ್ ಮೀರಬಾರದು ಎಂದಾಯಿತು. ಆ ಅಲೆಗಳು ಊರಾಚೆ ಹೋಗಲಾರವೆಂದು ತಜ್ಞರ ಎಣಿಕೆ. ಗದ್ದೆಯನ್ನೆಲ್ಲ ದೊಡ್ಡವರು ಹಂಚಿಕೊಂಡು ಕಲ್ಲುಬರೆಯನ್ನು ಹುಡುಗರಿಗೆ ಬಿಟ್ಟಂತೆ. ನಮ್ಮ ರೇಡಿಯೋದ ಭಾಷೆಯಲ್ಲಿ ಹೇಳುವುದಾದರೆ, ಮೀಡಿಯಂ ವೇವ್ ಪಟ್ಟಿ ಮುಗಿಯುವ ಜಾಗದಿಂದ ಆಚೆಗೆ ಅವರ ಪಾಲು.

ಆರ್ಡ್ರಾಸನ್ನಿನ ಡೇರೆ

ಸಿಕ್ಕ ಪಾಲಿನಲ್ಲಿ ಸಾಗರ ದಾಟಬಹುದೇ? 1921ರ ಫೆಬ್ರವರಿಯಲ್ಲಿ ಅಮೆರಿಕದ ಹವ್ಯಾಸಿಗಳು ರಾತ್ರಿಯೆಲ್ಲ ಸಂಕೇತ ಕಳಿಸಿದರು. ಬ್ರಿಟನ್ನಿನ ಹವ್ಯಾಸಿಗಳಿಗೆ ಖಚಿತವಾಗಿ ಏನೂ ಕೇಳಿಸಲಿಲ್ಲ. ಆಗ ಅಮೆರಿಕದ ಹವ್ಯಾಸಿಗಳ ಸಂಘ ಒಂದು ಜಾಣತನದ ತೀರ್ಮಾನ ಮಾಡಿತು. ಇನ್ನೂ ಜೋರಾಗಿ ಕೂಗುವುದಕ್ಕಿಂತ, ಚೆನ್ನಾಗಿ ಕೇಳಬಲ್ಲ ಒಬ್ಬನನ್ನು ಆಚೆ ದಡಕ್ಕೆ ಕಳಿಸುವುದು. ಹೋದವರು ಪಾಲ್ ಗಾಡ್ಲಿ.

ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲೂರಿನ ಬಯಲಿನಲ್ಲಿ ಡಿಸೆಂಬರಿನ ಮಳೆಗಾಳಿಯ ನಡುವೆ ಡೇರೆ ಹಾಕಿದರು. ಜೊತೆಗೆ ಸೂಪರ್‌ಹೆಟೆರೊಡೈನ್ ಎಂಬ ಆಗಿನ ಹೊಸ ಬಗೆಯ ಗ್ರಾಹಕ ಇತ್ತು. ನಮ್ಮ ಮನೆಯ ಟ್ರಾನ್ಸಿಸ್ಟರ್ ರೇಡಿಯೋಗಳೂ ಅದೇ ತತ್ವದವು. ಆದರೆ ನಿಜವಾದ ವಿಶೇಷ ಅವರ ಏರಿಯಲ್. ಎತ್ತರದ ಗೋಪುರವಲ್ಲ, ಸುಮಾರು 12 ಅಡಿ ಕಂಬಗಳ ಮೇಲೆ 1300 ಅಡಿ ಉದ್ದಕ್ಕೆ ಅಮೆರಿಕದ ದಿಕ್ಕಿಗೆ ಎಳೆದ ಒಂದೇ ತಂತಿ, ದೂರದ ತುದಿಯನ್ನು ರೋಧಕದ ಮೂಲಕ ಭೂಮಿಗೆ ಸೇರಿಸಿದ್ದು. ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರ್ ಕಂಡುಹಿಡಿದ ಇದನ್ನು ಈಗಲೂ ಬೆವರೇಜ್ ಏರಿಯಲ್ ಎಂದೇ ಕರೆಯುತ್ತಾರೆ. ಸಂಕೇತ ಕಳಿಸುವುದಕ್ಕೆ ಇದು ಬಹಳ ಕಳಪೆ. ಕೇಳುವಾಗಲೂ ಹೆಚ್ಚು ಶಕ್ತಿ ಹಿಡಿಯುವುದಿಲ್ಲ. ಆದರೆ ಒಂದೇ ದಿಕ್ಕಿಗೆ ಕಿವಿಗೊಟ್ಟು ಉಳಿದ ದಿಕ್ಕುಗಳ ಗದ್ದಲವನ್ನು ಬಿಟ್ಟುಬಿಡುತ್ತದೆ. ಸಂಕೇತ ಕಡಿಮೆಯಾದರೂ ಗದ್ದಲ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಗೆಲುವು ನಮ್ಮದೇ.

ಆ ರಾತ್ರಿಗಳಲ್ಲಿ ಗಾಡ್ಲಿ ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಹವ್ಯಾಸಿ ಕೇಂದ್ರಗಳನ್ನು ಕೇಳಿಸಿಕೊಂಡರು. ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ ಗೆಳೆಯರ ಗುಂಪೊಂದು ಕಟ್ಟಿದ್ದ 1ಬಿಸಿಜಿ ಕೇಂದ್ರದಿಂದ ಪೂರ್ತಿ ಸಂದೇಶವನ್ನೇ ಬರೆದುಕೊಂಡರು. ಸೂಪರ್‌ಹೆಟೆರೊಡೈನ್ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕೂಡ ಆ ಗುಂಪಿನಲ್ಲಿದ್ದರು. ಈ ಸಲ ಬ್ರಿಟನ್ನಿನ ಕೆಲವು ಹವ್ಯಾಸಿಗಳಿಗೂ ಸಂಕೇತ ಸಿಕ್ಕಿತು. 1923ರ ನವೆಂಬರಿನಲ್ಲಿ ಸುಮಾರು 100 ಮೀಟರ್ ಅಲೆಯಲ್ಲಿ ಫ್ರಾನ್ಸಿನ ಲಿಯಾನ್ ಡೆಲಾಯ್ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸಾಗರದಾಚೆಗೆ ಪರಸ್ಪರ ಮಾತಾಡಿದರು. ಕೆಲಸಕ್ಕೆ ಬಾರದ್ದೆಂದು ಬಿಟ್ಟ ಜಾಗಕ್ಕೆ ಆಮೇಲೆ ಕಂಪನಿಗಳೂ ಸರ್ಕಾರಗಳೂ ಓಡಿಬಂದವು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ಉಳಿದದ್ದು 160 ಮೀಟರಿನಿಂದ ಕೆಳಗೆ ಕೆಲವು ಪಟ್ಟಿಗಳು ಮಾತ್ರ.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು 1921ರಲ್ಲೇ ಹವ್ಯಾಸಿ ಕೇಂದ್ರ ನಡೆಸಿದ್ದರು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಕೇಂದ್ರ ತೆರೆದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಅದೂ ಒಬ್ಬ ಮೇಷ್ಟರ ಆಸಕ್ತಿಯಿಂದ ಹುಟ್ಟಿದ್ದೇ.

ಹಗಲು ಏಕಿಲ್ಲ, ರಾತ್ರಿ ಏಕುಂಟು

ಭೂಮಿಯ ಮೇಲೆ ಬಹಳ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ಗಾಳಿಯ ಪದರಗಳಿವೆ. ಅದೇ ಅಯಾನುಗೋಳ. ಅದು ಇರುವುದನ್ನು ಎಡ್ವರ್ಡ್ ಆಪಲ್ಟನ್ 1924ರಲ್ಲಿ ಪ್ರಯೋಗದಿಂದ ತೋರಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಬಂತು. ಹಗಲಿನಲ್ಲಿ ಕೆಳಗಿನ ಪದರವೊಂದು ಈ ಉದ್ದ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ, ಅಲೆಗಳು ಮೇಲಿನ ಪದರಕ್ಕೆ ತಾಗಿ ಮರಳಿ ನೆಲಕ್ಕೆ ಬರುತ್ತವೆ. ಮೀಡಿಯಂ ವೇವ್‌ನಲ್ಲಿ ರಾತ್ರಿ ದೂರದ ನಿಲಯ ಬರುವುದಕ್ಕೂ, 160 ಮೀಟರಿನ ಹ್ಯಾಮ್‌ಗಳು ನಿದ್ದೆಗೆಡುವುದಕ್ಕೂ ಕಾರಣ ಒಂದೇ. ಮ್ಯಾಸಚೂಸೆಟ್ಸ್‌ನ ಸ್ಟೂವರ್ಟ್ ಪೆರಿ ಎಂಬ ಹವ್ಯಾಸಿ ದಶಕಗಳ ಕಾಲ ಈ ಪಟ್ಟಿಯಲ್ಲಿ ದೂರದ ಸಂಪರ್ಕಗಳಿಗೆ ಪ್ರಯತ್ನಿಸಿ, ಇತರರಿಗೂ ಸುತ್ತೋಲೆ ಬರೆದು ಹುರಿದುಂಬಿಸಿದರು. ಎರಡನೇ ಮಹಾಯುದ್ಧದಲ್ಲಿ ಹಡಗು, ವಿಮಾನಗಳಿಗೆ ದಾರಿ ತೋರುವ ಲೋರಾನ್ ವ್ಯವಸ್ಥೆ ಈ ಪಟ್ಟಿಗೇ ಬಂತು. ಯುದ್ಧ ಮುಗಿದ ಮೇಲೂ ಹವ್ಯಾಸಿಗಳಿಗೆ ಬಹಳ ಕಾಲ ಸಿಕ್ಕಿದ್ದು ತುಂಡು ಜಾಗ, ಕಡಿಮೆ ಶಕ್ತಿ. ಆದರೂ ಅವರು ಬಿಡಲಿಲ್ಲ.

ಮರಳಿ ಉದ್ದ ಅಲೆಗೆ

ಉಪಗ್ರಹಗಳು ಬಂದ ಮೇಲೆ ಹಳೆಯ ಉದ್ದ ಅಲೆಗಳು ದೊಡ್ಡವರಿಗೆ ಅಷ್ಟಾಗಿ ಬೇಡವಾದವು. 2007ರ ವಿಶ್ವ ರೇಡಿಯೋ ಸಮ್ಮೇಳನ 136 ಕಿಲೋಹರ್ಟ್ಸ್ ಸುತ್ತಲಿನ ಪುಟ್ಟ ಪಟ್ಟಿಯನ್ನೂ, 2012ರ ಸಮ್ಮೇಳನ 472ರಿಂದ 479 ಕಿಲೋಹರ್ಟ್ಸ್ ಪಟ್ಟಿಯನ್ನೂ ಹವ್ಯಾಸಿಗಳಿಗೆ ತೆರೆದವು. 1912ರಲ್ಲಿ ಹೊರಹಾಕಿದ ಜಾಗಕ್ಕೆ ನೂರು ವರ್ಷಗಳ ಮೇಲೆ ಮರಳಿ ಬಂದಂತಾಯಿತು.

ಆದರೆ ಇಲ್ಲಿನ ಕಷ್ಟ ನೋಡಿ. 136 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 2200 ಮೀಟರ್. ಸರಿಯಾದ ಏರಿಯಲ್ ಅದರ ಕಾಲು ಭಾಗ ಎತ್ತರವಿರಬೇಕು, ಅಂದರೆ 550 ಮೀಟರ್. ಹವ್ಯಾಸಿಯ ಬಳಿ ಇರುವುದು ಒಂದು ತೆಂಗಿನ ಮರದಷ್ಟು ಎತ್ತರದ ತಂತಿ. ಕೊರತೆ ತುಂಬಲು ಕೊಡಪಾನಕ್ಕಿಂತ ದೊಡ್ಡ ಸುರುಳಿ ಸುತ್ತಬೇಕು. ನೆಲದಲ್ಲಿ ತಾಮ್ರದ ತಂತಿಗಳನ್ನು ಸುತ್ತಲೂ ಹರಡಬೇಕು. ಮನೆಗೆ ಅರ್ಥಿಂಗ್ ಕೊಡುವಂತೆ ಉಪ್ಪು, ಇದ್ದಿಲು ಹಾಕಿದ ಒಂದು ಗುಂಡಿ ಸಾಲದು. ಇಷ್ಟೆಲ್ಲ ಮಾಡಿ ನೂರಾರು ವ್ಯಾಟ್ ಕೊಟ್ಟರೂ ಗಾಳಿಗೆ ಹೊರಡುವುದು ಒಂದು ವ್ಯಾಟ್‌ಗಿಂತ ಕಡಿಮೆ. ಉಳಿದದ್ದೆಲ್ಲ ಸುರುಳಿಯನ್ನೂ ಮಣ್ಣನ್ನೂ ಬಿಸಿ ಮಾಡಿ ಮುಗಿಯುತ್ತದೆ.

ಅದಕ್ಕೆ ಅವರು ಕಂಡುಕೊಂಡ ಉಪಾಯ ನಿಧಾನ. ಮಾರ್ಸ್ ಸಂಕೇತದ ಒಂದು ಚುಕ್ಕೆಯನ್ನು ಒಂದು ನಿಮಿಷ ಎಳೆದರೆ, ಒಂದು ಚುಕ್ಕೆ ಒಂದು ಗೀಟಿನ ‘ಎ’ ಅಕ್ಷರಕ್ಕೇ ಐದು ನಿಮಿಷ ಬೇಕು. ಇದನ್ನು ಕಿವಿಯಿಂದ ಕೇಳಲಾಗದು. ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ನೋಡಬೇಕು. ಜಾತ್ರೆಯ ಗದ್ದಲದಲ್ಲಿ ಒಬ್ಬ ಒಂದೇ ಸ್ವರವನ್ನು ಬಿಡದೆ ಹಿಡಿದರೆ ಕೊನೆಗೆ ಅದು ಬೇರೆಯಾಗಿ ಕೇಳುವುದಿಲ್ಲವೇ, ಹಾಗೆ.

ಇಲ್ಲಿಗೆ ನನ್ನ ವೃತ್ತಿಯ ವಿದ್ಯೆ ಬಂತು. ಜೋಡಿ ನಕ್ಷತ್ರದಲ್ಲಿನ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ನೊಬೆಲ್ ಹಂಚಿಕೊಂಡ ಜೋ ಟೇಲರ್ ಸ್ವತಃ ಹ್ಯಾಮ್. ಗದ್ದಲದಲ್ಲಿ ಮುಳುಗಿದ ಸಂಕೇತವನ್ನು ಹೆಕ್ಕುವುದು ಅವರಿಗೆ ಆಕಾಶ ಕಲಿಸಿದ ವಿದ್ಯೆ. ಅವರು 2008ರಲ್ಲಿ ಕೊಟ್ಟ ಡಬ್ಲ್ಯುಎಸ್‌ಪಿಆರ್ ಎಂಬ ಕ್ರಮಕ್ಕೆ ಹ್ಯಾಮ್‌ಗಳು ‘ವಿಸ್ಪರ್’, ಅಂದರೆ ಪಿಸುಮಾತು ಎನ್ನುತ್ತಾರೆ. ಕೇವಲ 50 ಬಿಟ್ ಮಾಹಿತಿಯನ್ನು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಅವಧಿಯಲ್ಲಿ, ಸುಮಾರು 6 ಹರ್ಟ್ಸ್ ಅಗಲದಲ್ಲಿ ಕಳಿಸುತ್ತದೆ. ಕೆಲವು ಭಾಗ ಹಾಳಾದರೂ ಉಳಿದದ್ದರಿಂದ ಪೂರ್ತಿ ಸಂದೇಶ ಕಟ್ಟಿಕೊಳ್ಳುವಂತೆ ತಿದ್ದುವ ಲೆಕ್ಕವನ್ನೂ ಜೊತೆಗೆ ಸೇರಿಸಿರುತ್ತದೆ. ಕಿವಿಗೆ ಬರೀ ಸುಯ್ ಎನ್ನುವಲ್ಲಿ ಪರದೆಯ ಮೇಲೆ ಕರೆಸಂಕೇತ ಮೂಡುತ್ತದೆ. ಗಾಡ್ಲಿ ತಂತಿಯಿಂದ ಮಾಡಿದ್ದನ್ನು ಟೇಲರ್ ಲೆಕ್ಕದಿಂದ ಮಾಡಿದರು. ಇಬ್ಬರೂ ಸುಧಾರಿಸಿದ್ದು ಕೇಳುವುದನ್ನೇ.

ಗದ್ದಲ ಹುಡುಕುವ ಕ್ರಮ

ಇಂದು ಈ ಪಟ್ಟಿಗಳಿಗೆ ಬಂದಿರುವ ಅಪಾಯ ಮಿಂಚಿನಿಂದಲ್ಲ, ನಮ್ಮ ಮನೆಗಳಿಂದ. ಕಳಪೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್, ಒಡೆದ ಇನ್ಸುಲೇಟರ್ ಎಲ್ಲವೂ ಸದ್ದಿಲ್ಲದೆ ರೇಡಿಯೋ ಕಸ ಚೆಲ್ಲುತ್ತವೆ. ಹ್ಯಾಮ್‌ಗಳು ಇದನ್ನು ಹುಡುಕುವುದು ಹೀಗೆ. ಮೊದಲು ಏರಿಯಲ್ ಕಳಚಬೇಕು. ಸದ್ದು ನಿಂತರೆ ಅದು ಹೊರಗಿನಿಂದ ಬರುತ್ತಿದೆ. ಆಮೇಲೆ ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ ಮನೆಯ ಮೇನ್ ಸ್ವಿಚ್ ತೆಗೆಯಬೇಕು. ಸದ್ದು ಹೋದರೆ ಕಳ್ಳ ಮನೆಯಲ್ಲೇ. ಒಂದೊಂದೇ ಸ್ವಿಚ್ ಹಾಕುತ್ತಾ ಹಿಡಿಯಬಹುದು. ಹೋಗದಿದ್ದರೆ ಟ್ರಾನ್ಸಿಸ್ಟರನ್ನು ನಿಲಯವಿಲ್ಲದ ಜಾಗಕ್ಕೆ ತಿರುಗಿಸಿಕೊಂಡು ಹೊರಗೆ ನಡೆಯಬೇಕು. ಅದರೊಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಮೂಲದತ್ತ ನಿಂತಾಗ ಸದ್ದು ತೀರಾ ಕಡಿಮೆಯಾಗುತ್ತದೆ. ಎರಡು ಜಾಗಗಳಿಂದ ಹೀಗೆ ದಿಕ್ಕು ನೋಡಿದರೆ ಮೂಲ ಸಿಕ್ಕಂತೆ.

ಒಮ್ಮೆ ರಜಕ್ಕೆ ಊರಿಗೆ ಬಂದಾಗ 160 ಮೀಟರಿನಲ್ಲಿ ಸೆಕೆಂಡಿಗೊಂದರಂತೆ ಟಕ್ ಟಕ್ ಸದ್ದು. ಅಷ್ಟು ನಿಯಮಿತವಾಗಿ ಬಡಿಯುವುದು ಸೋಲಾರ್ ಬೇಲಿಯೇ. ಟ್ರಾನ್ಸಿಸ್ಟರ್ ಹಿಡಿದು ತೋಟದ ಅಂಚಿನಲ್ಲಿ ನಡೆದರೆ, ಹಳ್ಳದ ಕಡೆ ಬಳ್ಳಿಯೊಂದು ತಂತಿಗೆ ಹಬ್ಬಿ ಕಿಡಿ ಹಾರುತ್ತಿತ್ತು. ಬೇಲಿ ಆಫ್ ಮಾಡಿ ಬಳ್ಳಿ ಕಡಿದೆವು. ಸದ್ದು ಬಹುಪಾಲು ಇಳಿಯಿತು, ಬೇಲಿಯ ಶಾಕ್ ಕೂಡ ಮೊದಲಿನಂತಾಯಿತು. ಕಾಡುಹಂದಿ ಆ ಕಡೆಯಿಂದಲೇ ನುಗ್ಗುತ್ತಿದ್ದದ್ದು ಏಕೆಂದು ಅಪ್ಪನಿಗೆ ಆಗ ತಿಳಿಯಿತು. “ಅಂತೂ ನಿನ್ನ ರೇಡಿಯೋದಿಂದ ಒಂದು ಉಪಯೋಗ ಆಯ್ತಲ್ಲ ಮಾರಾಯ” ಅಂದರು.

ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಹ್ಯಾಮ್ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದ್ದರೆ ಸಾಕು. ಅಂದರೆ ನಮ್ಮ ಶಾಲೆಯ ಎಂಟನೇ ತರಗತಿಯವರೂ ಕೂರಬಹುದು. ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದಿದೆ. ಒಂದು ಹಳೆಯ ಟ್ರಾನ್ಸಿಸ್ಟರ್, ಒಂದು ನೋಟ್‌ಪುಸ್ತಕ ಇಟ್ಟುಕೊಂಡು, ಒಂದು ವರ್ಷ ದಿನವೂ ಸೂರ್ಯ ಮುಳುಗುವ ಹೊತ್ತಿಗೆ ಯಾವ ನಿಲಯ ಎಷ್ಟು ಗಂಟೆಗೆ ಕೇಳತೊಡಗಿತು, ಯಾವ ಸದ್ದು ಎಲ್ಲಿಂದ ಬಂತು ಎಂದು ಬರೆಯಿರಿ. ವಿದ್ಯುತ್ ಕಂಬದ ಕಡೆಯಿಂದ ಸದ್ದು ಬಂದರೆ ಹತ್ತಿರ ಹೋಗದೆ ಲೈನ್‌ಮ್ಯಾನ್‌ಗೆ ತಿಳಿಸಿ. ಆ ಪುಸ್ತಕ ನಮ್ಮೂರಿನ ಆಕಾಶದ ದಾಖಲೆಯಾಗುತ್ತದೆ; ಅಂಥದನ್ನು ಇದುವರೆಗೆ ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ವಿಜ್ಞಾನದ ಮೇಷ್ಟರು ಒಪ್ಪಿದರೆ ಮುಂದಿನ ಬೇಸಿಗೆ ರಜದಲ್ಲಿ ನನ್ನ ಸೆಟ್ಟು, ತಂತಿಗಳನ್ನು ತಂದು ಶಾಲೆಯ ಆಟದ ಬಯಲಿನಲ್ಲಿ ಒಂದು ರಾತ್ರಿ ಏರಿಯಲ್ ಎಳೆಯಲು ನಾನು ಸಿದ್ಧ. ಐವತ್ತು ತುಂಬಿದ ನಮ್ಮ ಶಾಲೆಗೆ ಶುಭವಾಗಲಿ.