ಕಿವಿಯಚ್ಚಿನ ಇಯರ್‌ಫೋನ್

ಕಿವಿಯಚ್ಚಿನ ಇಯರ್‌ಫೋನ್ ಎಂದರೆ ಬಳಸುವವರ ಕಿವಿಯಿಂದ ಅಚ್ಚು ತೆಗೆದು, ಅದೇ ಆಕಾರಕ್ಕೆ ಎರಕ ಹೊಯ್ದು ಅಥವಾ ತ್ರೀಡಿ ಮುದ್ರಣದಿಂದ ರೂಪಿಸಿದ ಕವಚವುಳ್ಳ ಇಯರ್‌ಫೋನ್. ಕಿವುಡುತನಕ್ಕೆ ಬಳಸುವ ಶ್ರವಣಯಂತ್ರಗಳ ಅಚ್ಚಿನ ತಂತ್ರವೇ ಇದರ ಮೂಲ. ಅಮೆರಿಕದ ಧ್ವನಿತಂತ್ರಜ್ಞ ಜೆರ್ರಿ ಹಾರ್ವಿ 1995ರಲ್ಲಿ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಇಂಥದನ್ನು ತಯಾರಿಸಿ, ಅಲ್ಟಿಮೇಟ್ ಇಯರ್ಸ್ ಸಂಸ್ಥೆಗೆ ನಾಂದಿ ಹಾಡಿದ.

ಕವಚ ಸಾಮಾನ್ಯವಾಗಿ ಅಕ್ರಿಲಿಕ್‌ನದು, ಕೆಲವೊಮ್ಮೆ ಸಿಲಿಕೋನ್‌ನದು. ಅದು ಕಿವಿನಾಳಕ್ಕೆ ಬಿಗಿಯಾಗಿ ಕೂರದಿದ್ದರೆ ಗಾಳಿ ಸೋರಿ ಮೊದಲು ತಗ್ಗುಸ್ವರಗಳು ಕುಗ್ಗುತ್ತವೆ, ಹೊರಗಿನ ಸದ್ದು ಒಳನುಗ್ಗುತ್ತದೆ. ದವಡೆ ಆಡಿದಾಗ ನಾಳದ ಆಕಾರವೇ ಬದಲಾಗುವುದರಿಂದ, ಸುಮ್ಮನೆ ಕುಳಿತಾಗ ಸರಿಯಿರುವ ಕವಚ ಹಾಡುವಾಗ ಸಡಿಲವಾಗಬಹುದು.

ಅಕ್ರಿಲಿಕ್ ಕವಚದ ಸಣ್ಣ ದೋಷಗಳನ್ನು ಮನೆಯಲ್ಲೇ ತಿದ್ದುವುದುಂಟು. ಸಡಿಲವಿರುವಲ್ಲಿ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರಾಳವನ್ನು ತೆಳ್ಳಗೆ ಪದರಪದರವಾಗಿ ಹಚ್ಚಲಾಗುತ್ತದೆ. ಒತ್ತುವ ಜಾಗವನ್ನು ನುಣುಪು ಮರಳುಕಾಗದದಿಂದ ನೀರು ಹಾಕಿ ಉಜ್ಜಲಾಗುತ್ತದೆ. ಧ್ವನಿರಂಧ್ರಗಳನ್ನು ಮುಚ್ಚಿಕೊಳ್ಳುವುದು ಕಡ್ಡಾಯ: ಒಳಹೊಕ್ಕ ಹನಿ ರಾಳವೂ ಧ್ವನಿಘಟಕವನ್ನು ಕೆಡಿಸಬಲ್ಲದು. ಗಾಳಿಯ ಆಮ್ಲಜನಕ ತಗುಲಿದ ಮೇಲ್ಪದರ ಅಂಟಂಟಾಗಿಯೇ ಉಳಿಯುವುದರಿಂದ ಕವಚವನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿ ಮತ್ತೆ ಬೆಳಕಿಗೆ ಒಡ್ಡುವ ರೂಢಿಯಿದೆ. ಅರೆಗಟ್ಟಿಯಾದ ರಾಳ ಚರ್ಮದ ಅಲರ್ಜಿಗೆ ಕಾರಣವಾಗುತ್ತದೆ; ಕೈಗವಸು ಬೇಕೇಬೇಕು.

ಗೀರುಗಳು ಹೊಳಪಿನ ಲೇಪದಿಂದ ಮರೆಯಾಗುತ್ತವೆ. ಮುಖಫಲಕದ ಮೇಲೆ ಬಣ್ಣ, ಮರದ ತೆಳುಹಾಳೆ ಅಥವಾ ಮಿನುಗುಪುಡಿಯನ್ನಿಟ್ಟು ಪಾರದರ್ಶಕ ರಾಳ ಹೊಯ್ಯುವುದು ಜನಪ್ರಿಯ ಅಲಂಕಾರ. ಸಿಲಿಕೋನ್ ಕವಚಕ್ಕೆ ಈ ರಾಳ ಅಂಟುವುದಿಲ್ಲ. ಅದನ್ನು ತಯಾರಕರೇ ತಿದ್ದಬೇಕಾಗುತ್ತದೆ.