ಪಾರ್ಕಿನ್ಸನ್: ಮಾತ್ರೆಯ ಜತೆಗೆ ಬೇಕು ನಡಿಗೆಯ ತಾಲೀಮು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನೆನಪಾಗುವುದು ಕೈನಡುಕ. ಆದರೆ ರೋಗಿಯ ಸ್ವಾವಲಂಬನೆಯನ್ನು ಹೆಚ್ಚಾಗಿ ಕಸಿಯುವುದು ಚಲನೆಯ ನಿಧಾನ, ಸ್ನಾಯುಗಳ ಬಿಗಿತ ಹಾಗೂ ತಪ್ಪುವ ಸಮತೋಲನ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸುವಾಗಲೇ, ಮುಂದಕ್ಕೆ ಬಾಗುವ ಮೈಯನ್ನೂ ನಡಿಗೆಯು ತಾನಾಗಿ ಓಟಕ್ಕೆ ತಿರುಗುವುದನ್ನೂ ಗುರುತಿಸಿದ್ದರು.

ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುವುದೇ ಈ ತೊಂದರೆಗಳ ಮೂಲ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ತುಂಬಿ, ಬಿಗಿತ ಮತ್ತು ನಿಧಾನವನ್ನು ಸಡಿಲಿಸುತ್ತದೆ. ಸಮತೋಲನದ ಮೇಲೆ ಮಾತ್ರ ಅದರ ಪ್ರಭಾವ ಕಡಿಮೆ. ಫಿಸಿಯೋಥೆರಪಿಯ ಅಗತ್ಯ ಎದ್ದು ಕಾಣುವುದು ಇಲ್ಲಿಯೇ.

ನಡೆಯುತ್ತಿರುವ ವ್ಯಕ್ತಿ ಬಾಗಿಲ ಬಳಿ ಅಥವಾ ತಿರುಗುವಾಗ ಹಠಾತ್ತನೆ ನಿಂತುಬಿಡುತ್ತಾನೆ. ಪಾದಗಳು ನೆಲಕ್ಕೆ ಅಂಟಿಕೊಂಡಂತಾಗುತ್ತವೆ. ಗಾಬರಿಗೊಂಡ ಮನೆಯವರು ಕೈಹಿಡಿದು ಎಳೆಯುತ್ತಾರೆ. ಅದು ಬೀಳುವುದಕ್ಕೆ ದಾರಿ. ಸೋಜಿಗವೆಂದರೆ, ಸಮನೆಲದಲ್ಲಿ ಹೆಜ್ಜೆ ಕೀಳಲಾಗದ ಅದೇ ವ್ಯಕ್ತಿ ನೆಲದ ಮೇಲೆ ಅಡ್ಡಗೆರೆಗಳಿದ್ದರೆ ಅವನ್ನು ದಾಟುತ್ತಾ ನಡೆಯಬಲ್ಲ! ತಾನಾಗಿ ಸಾಗಬೇಕಾದ ಚಲನೆ ಕೈಕೊಟ್ಟಾಗ, ಗಮನವಿಟ್ಟು ಮಾಡುವ ಚಲನೆಗೆ ಮಿದುಳಿನ ಬೇರೆ ಹಾದಿಗಳು ನೆರವಾಗುತ್ತವೆ. ಆದ್ದರಿಂದಲೇ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸುವುದು, ತಾಳಕ್ಕೆ ಅಥವಾ 'ಒಂದು, ಎರಡು' ಎಂಬ ಎಣಿಕೆಗೆ ಹೆಜ್ಜೆ ಹಾಕಿಸುವುದು, ಗಕ್ಕನೆ ತಿರುಗದೆ ಅರ್ಧವೃತ್ತದಲ್ಲಿ ಸುತ್ತಿ ಬರುವುದು ಚಿಕಿತ್ಸೆಯ ಭಾಗಗಳಾಗಿವೆ. ಮಾತನಾಡುತ್ತಾ ನೀರಿನ ಲೋಟ ಹಿಡಿದು ನಡೆಯುವಂಥ ಎರಡು ಕೆಲಸಗಳ ಜೋಡಣೆಯನ್ನು ಆರಂಭದಲ್ಲಿ ತಪ್ಪಿಸುವುದು ಕ್ಷೇಮ.

ಅಮೆರಿಕದ ಒರೆಗಾನ್‌ನಲ್ಲಿ 195 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಬಾರಿಯಂತೆ 24 ವಾರ ಚೀನಾದ ತಾಯ್ ಚಿ ಅಭ್ಯಾಸ ಮಾಡಿದವರ ಸಮತೋಲನ ಸುಧಾರಿಸಿತ್ತು. ಕೇವಲ ಮೈ ಸೆಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದು ಕಡಿಮೆ. ಕ್ಷೀಣಿಸಿದ ದನಿಗೂ ತರಬೇತಿಯುಂಟು. ವಾರಕ್ಕೆ 4 ದಿನದಂತೆ 4 ವಾರ ಗಟ್ಟಿಯಾಗಿ ಮಾತನಾಡಿಸುವ ಪದ್ಧತಿ ಹೆಸರಾಗಿದೆ.

ಆಕ್ಸ್‌ಫರ್ಡ್‌ನಲ್ಲಿ 1990ರ ದಶಕದಲ್ಲಿ ರೂಪುಗೊಂಡ, ಜೀವನ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಯ 39 ಪ್ರಶ್ನೆಗಳಲ್ಲಿ 10 ಓಡಾಟಕ್ಕೇ ಸಂಬಂಧಿಸಿದವು. ನಾಲ್ಕು ಪ್ರಶ್ನೆಗಳು ಜನರೆದುರು ಕಾಡುವ ಮುಜುಗರದ ಕುರಿತಾದವು. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬಿದ್ದು ಸೊಂಟದ ಮೂಳೆ ಮುರಿದ ನಂತರ ಫಿಸಿಯೋಥೆರಪಿಯನ್ನು ನೆನೆಯುವುದು ತಡವಾದ ಮಾತು. ರೋಗ ಪತ್ತೆಯಾದಾಗಲೇ ಆರಂಭಿಸುವುದು ಲೇಸು. ವ್ಯಾಯಾಮಕ್ಕೆ ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು. ಸ್ನಾನಗೃಹದ ಗೋಡೆಗೆ ಹಿಡಿಕೆ ಹಾಕಿಸಿ, ಓಡಾಡುವ ದಾರಿಯಲ್ಲಿನ ಕಾಲೊರಸುಗಳನ್ನು ತೆಗೆಯುವ ಕೆಲಸ ಅಂದೇ ಆಗಬಹುದು.